ಹೊಸ ಕ್ಯಾನ್ಸರ್ ಔಷಧಿಗಳು: ಭರವಸೆ, ಅಪಾಯ ಮತ್ತು ಅರಿತು ಆರಿಸುವ ಹಕ್ಕು

ಸೊರಬ ತಾಲ್ಲೂಕಿನ ಉಳವಿ ಅಡಿಕೆ ತೋಟಗಳು ಹಾಗೂ ಭತ್ತದ ಗದ್ದೆಗಳ ನಡುವಿನ ಒಂದು ಹೋಬಳಿ ಕೇಂದ್ರ. ಇಲ್ಲಿನ ವ್ಯವಹಾರವೆಲ್ಲ ಅಡಿಕೆಯ ಧಾರಣೆಯನ್ನು ಅವಲಂಬಿಸಿದೆ. ಮಗಳ ಮದುವೆ, ಮನೆಯ ದುರಸ್ತಿ, ಸಹಕಾರ ಸಂಘದ ಸಾಲದ ಮರುಪಾವತಿ, ಎಲ್ಲವೂ ಕೊಯ್ಲು ಮುಗಿದು ಅಡಿಕೆ ಮಂಡಿಗೆ ಹೋದ ನಂತರವೇ. ಇಂತಹ ಮನೆಯೊಂದರಲ್ಲಿ ಕ್ಯಾನ್ಸರ್ ಪತ್ತೆಯಾದಾಗ ಮೊದಲು ಏಳುವ ಪ್ರಶ್ನೆ ‘ಎಲ್ಲಿಗೆ ಹೋಗುವುದು?’ ಎಂಬುದು. ಎರಡನೆಯದು ‘ಎಷ್ಟಾಗುತ್ತದೆ?’ ಎಂಬುದು. ಮೂರನೆಯ ಪ್ರಶ್ನೆಯೊಂದಿದೆ: ‘ಈ ಔಷಧಿಯಿಂದ ಆಗುವ ಲಾಭವೆಷ್ಟು, ಹಾನಿಯೆಷ್ಟು?’ ದುರದೃಷ್ಟವಶಾತ್, ಈ ಪ್ರಶ್ನೆಯನ್ನು ಕೇಳುವವರು ವಿರಳ.

ಎಲ್ಲಿಗೆ ಹೋಗುವುದೆಂಬ ಪ್ರಶ್ನೆಗೆ ಈ ಭಾಗದ ಜನರಿಗೆ ಹಲವು ದಾರಿಗಳಿವೆ. ತಾಳಗುಪ್ಪದಿಂದ ಹೊರಟು ಸಾಗರ, ಶಿವಮೊಗ್ಗಗಳ ಮೂಲಕ ಸಾಗುವ ರಾತ್ರಿ ರೈಲು ಬೆಳಗಾಗುವುದರೊಳಗೆ ಬೆಂಗಳೂರು ಮುಟ್ಟಿಸುತ್ತದೆ. ಅಲ್ಲಿ 1973ರಲ್ಲಿ ಆರಂಭಗೊಂಡ ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆಯಿದೆ. ಆನವಟ್ಟಿಯ ಕಡೆಯವರಿಗೆ ಹುಬ್ಬಳ್ಳಿ ನವನಗರದ ಕ್ಯಾನ್ಸರ್ ಆಸ್ಪತ್ರೆ ಹತ್ತಿರ. ಘಟ್ಟವಿಳಿದರೆ ಮಣಿಪಾಲ, ಮಂಗಳೂರುಗಳಿವೆ. ಶಿಕಾರಿಪುರದಿಂದ ಸಾಗರದತ್ತ ಹೋಗುವ ದಾರಿಯಲ್ಲಿ ಆನಂದಪುರದ ಸಮೀಪ ನರಸೀಪುರವಿದೆ. 2020ರಲ್ಲಿ ನಿಧನರಾದ ವೈದ್ಯ ನಾರಾಯಣಮೂರ್ತಿಯವರ ಗಿಡಮೂಲಿಕೆ ಔಷಧಿಗಾಗಿ ದೇಶದ ನಾನಾ ಭಾಗಗಳ ರೋಗಿಗಳು ಅಲ್ಲಿ ಸರದಿ ನಿಲ್ಲುತ್ತಿದ್ದುದನ್ನು ಈ ಸೀಮೆಯ ಜನ ದಶಕಗಳ ಕಾಲ ಕಂಡಿದ್ದಾರೆ. ಒಂದೇ ಮನೆಯವರು ಬೆಂಗಳೂರಿಗೂ ನರಸೀಪುರಕ್ಕೂ ಹೋಗಿಬಂದ ಉದಾಹರಣೆಗಳು ಮಲೆನಾಡಿಗೆ ಹೊಸತಲ್ಲ. ಆಯ್ಕೆಗಳು ಹೆಚ್ಚಿರುವಲ್ಲಿ ತಿಳಿವಳಿಕೆಯೂ ಹೆಚ್ಚಿರಬೇಕಾದುದು ಅಗತ್ಯ.

ಹೊಸದೆಲ್ಲ ಉತ್ತಮವೇ?

ಹೊಸ ಔಷಧಿಗಳು ತಂದಿರುವ ಪ್ರಗತಿಯನ್ನು ಅಲ್ಲಗಳೆಯಲಾಗದು. ದೀರ್ಘಕಾಲಿಕ ಮೈಲಾಯ್ಡ್ ರಕ್ತಕ್ಯಾನ್ಸರಿಗೆ 2001ರಲ್ಲಿ ಅಮೆರಿಕದಲ್ಲಿ ಅನುಮೋದನೆ ಪಡೆದ ಇಮಾಟಿನಿಬ್ ಮಾತ್ರೆಯು ಆ ರೋಗದ ಚರಿತ್ರೆಯನ್ನೇ ಬದಲಿಸಿತು. ಅದನ್ನು ಮೊದಲ ಚಿಕಿತ್ಸೆಯಾಗಿ ಪಡೆದವರ ಪೈಕಿ ಶೇ. 83ರಷ್ಟು ಮಂದಿ ಹತ್ತು ವರ್ಷಗಳ ನಂತರವೂ ಬದುಕಿದ್ದುದು ದೀರ್ಘಾವಧಿ ಅಧ್ಯಯನದಿಂದ ತಿಳಿದುಬಂದಿದೆ. ಸ್ತನ ಕ್ಯಾನ್ಸರಿನ ಒಂದು ಬಗೆಗೆ ಟ್ರಾಸ್ಟುಜುಮಾಬ್ ಅಂತಹುದೇ ವರವಾಯಿತು. ಅದರ ಸದೃಶ ರೂಪವನ್ನು ಬೆಂಗಳೂರಿನ ಬಯೋಕಾನ್ ಸಂಸ್ಥೆಯು 2014ರಲ್ಲಿ ಭಾರತದ ಮಾರುಕಟ್ಟೆಗೆ ತಂದುದು ಕರ್ನಾಟಕದ ಉದ್ಯಮಕ್ಕೆ ಹೆಮ್ಮೆಯ ಸಂಗತಿ. ದೇಹದ ರೋಗನಿರೋಧಕ ಶಕ್ತಿಗೆ ಹಾಕಿದ ಬ್ರೇಕನ್ನು ತೆಗೆಯುವ ಚಿಕಿತ್ಸಾ ಮಾರ್ಗವನ್ನು ಕಂಡುಹಿಡಿದ ಜೇಮ್ಸ್ ಆಲಿಸನ್ ಹಾಗೂ ತಾಸುಕು ಹೊಂಜೊ ಅವರಿಗೆ 2018ರ ನೊಬೆಲ್ ಪ್ರಶಸ್ತಿ ಸಂದಿತು.

ಆದರೆ ಎಲ್ಲ ಹೊಸ ಔಷಧಿಗಳೂ ಇಮಾಟಿನಿಬ್ ಅಲ್ಲ. ಶ್ವಾಸಕೋಶದ ಕ್ಯಾನ್ಸರಿಗಾಗಿ ಗೆಫಿಟಿನಿಬ್ ಮಾತ್ರೆಗೆ ಜಗತ್ತಿನಲ್ಲೇ ಮೊದಲು ಅನುಮತಿ ದೊರೆತದ್ದು ಜಪಾನಿನಲ್ಲಿ, 2002ರ ಜುಲೈನಲ್ಲಿ. ಕೆಲವೇ ತಿಂಗಳುಗಳಲ್ಲಿ ಶ್ವಾಸಕೋಶದ ತೀವ್ರ ಉರಿಯೂತದಿಂದ ನೂರಕ್ಕೂ ಹೆಚ್ಚು ರೋಗಿಗಳು ಮೃತಪಟ್ಟುದು ವರದಿಯಾಯಿತು. ಮಾತ್ರೆಯಾದುದರಿಂದ ಅಪಾಯ ಕಡಿಮೆಯೆಂಬ ಭಾವನೆ ಅಲ್ಲಿ ಬಲವಾಗಿತ್ತು. ಇ.ಜಿ.ಎಫ್.ಆರ್. ಎಂಬ ವಂಶವಾಹಿಯಲ್ಲಿ ನಿರ್ದಿಷ್ಟ ಮಾರ್ಪಾಟು ಇರುವವರಿಗೆ ಮಾತ್ರ ಈ ಮಾತ್ರೆಯಿಂದ ದೊಡ್ಡ ಲಾಭವಿದೆಯೆಂಬುದು ಅನಂತರದ ಸಂಶೋಧನೆಗಳಿಂದ ಸ್ಪಷ್ಟವಾಯಿತು. ಔಷಧಿ ಬದಲಾಗಲಿಲ್ಲ, ಯಾರಿಗೆ ಕೊಡಬೇಕೆಂಬ ಅರಿವು ಬದಲಾಯಿತು.

ಬೆವಾಸಿಜುಮಾಬ್ ಎಂಬ ಚುಚ್ಚುಮದ್ದಿಗೆ 2008ರಲ್ಲಿ ಅಮೆರಿಕದ ಔಷಧ ಆಡಳಿತವು ಸ್ತನ ಕ್ಯಾನ್ಸರಿನ ಚಿಕಿತ್ಸೆಗಾಗಿ ತ್ವರಿತ ಅನುಮೋದನೆ ನೀಡಿತು. ಆಯುಷ್ಯ ಹೆಚ್ಚುವುದಿಲ್ಲ, ಅಧಿಕ ರಕ್ತದೊತ್ತಡ ಹಾಗೂ ರಕ್ತಸ್ರಾವದಂತಹ ಅಪಾಯಗಳು ಮಾತ್ರ ಹೆಚ್ಚುತ್ತವೆ ಎಂಬುದು ಮುಂದಿನ ಪ್ರಯೋಗಗಳಲ್ಲಿ ಕಂಡುಬಂದ ಕಾರಣ 2011ರ ನವೆಂಬರಿನಲ್ಲಿ ಆ ಅನುಮೋದನೆಯನ್ನು ಹಿಂತೆಗೆದುಕೊಳ್ಳಲಾಯಿತು. ಬೇರೆ ಕೆಲವು ಕ್ಯಾನ್ಸರುಗಳಿಗೆ ಅದೇ ಔಷಧಿ ಇಂದಿಗೂ ಬಳಕೆಯಲ್ಲಿದೆ. 2016ರಲ್ಲಿ ಅನುಮೋದನೆ ಪಡೆದ ಒಲಾರಟುಮಾಬ್ ದೊಡ್ಡ ಪ್ರಯೋಗದಲ್ಲಿ ವಿಫಲವಾಯಿತು. 2021ರಲ್ಲಿ ಬಂದ ಅಂಬ್ರಲಿಸಿಬ್ ಸಾವಿನ ಅಪಾಯವನ್ನು ಹೆಚ್ಚಿಸಬಹುದೆಂಬ ಕಾರಣಕ್ಕೆ ಮರುವರ್ಷವೇ ಮಾರುಕಟ್ಟೆಯಿಂದ ನಿರ್ಗಮಿಸಿತು.

ತ್ವರಿತ ಅನುಮೋದನೆಯ ಒಳಮರ್ಮ

ಹೀಗೇಕಾಗುತ್ತದೆ? ಔಷಧಿಯೊಂದು ರೋಗಿಯ ಆಯುಷ್ಯವನ್ನು ಹೆಚ್ಚಿಸುತ್ತದೆಯೇ ಎಂದು ತಿಳಿಯಲು ಹಲವು ವರ್ಷಗಳು ಬೇಕು. ಗಡ್ಡೆ ಕುಗ್ಗಿತೇ ಎಂಬುದನ್ನು ಸ್ಕ್ಯಾನ್ ಮೂಲಕ ಕೆಲವೇ ತಿಂಗಳಲ್ಲಿ ಅರಿಯಬಹುದು. ಮಾರಕ ರೋಗಗಳಲ್ಲಿ ಕಾಯುವುದಕ್ಕೆ ಸಮಯವಿಲ್ಲವೆಂಬ ನ್ಯಾಯವಾದ ಕಾರಣದಿಂದ ಅಮೆರಿಕವು 1992ರಲ್ಲಿ ತ್ವರಿತ ಅನುಮೋದನೆಯ ಪದ್ಧತಿಯನ್ನು ಆರಂಭಿಸಿತು. ಗಡ್ಡೆ ಕುಗ್ಗಿದ ಪುರಾವೆಯ ಮೇಲೆ ಮೊದಲು ಅನುಮತಿ, ಆಯುಷ್ಯದ ಪುರಾವೆ ನಂತರ ಎಂಬುದು ಇದರ ಸಾರಾಂಶ. ಗಡ್ಡೆ ಕುಗ್ಗಿದರೆ ಬದುಕು ದೀರ್ಘವಾಗುತ್ತದೆಯೆಂಬುದು ಸಹಜ ನಿರೀಕ್ಷೆಯಾದರೂ ಎಲ್ಲ ಸಂದರ್ಭಗಳಲ್ಲೂ ಅದು ನಿಜವಾಗುವುದಿಲ್ಲ.

ಭಾರತದ ಸ್ಥಿತಿಯನ್ನೂ ಗಮನಿಸಬೇಕು. 2024ರ ಆಗಸ್ಟ್ ತಿಂಗಳಿನ ಕೇಂದ್ರದ ಆದೇಶದಂತೆ ಅಮೆರಿಕ, ಬ್ರಿಟನ್, ಜಪಾನ್, ಆಸ್ಟ್ರೇಲಿಯಾ, ಕೆನಡಾ ಹಾಗೂ ಐರೋಪ್ಯ ಒಕ್ಕೂಟಗಳಲ್ಲಿ ಅನುಮೋದಿತವಾದ ಕೆಲವು ವರ್ಗದ ಹೊಸ ಔಷಧಿಗಳಿಗೆ ಇಲ್ಲಿ ಸ್ಥಳೀಯ ಪ್ರಯೋಗದಿಂದ ವಿನಾಯಿತಿ ದೊರೆಯಬಹುದು. ಔಷಧಿ ರೋಗಿಗೆ ಬೇಗ ತಲುಪುತ್ತದೆಯೆಂಬುದು ಇದರ ಲಾಭ. ಭಾರತೀಯ ರೋಗಿಗಳಲ್ಲಿ ಅದರ ದುಷ್ಪರಿಣಾಮಗಳು ಹೇಗಿರುತ್ತವೆಂಬುದು ಬಹುಮಟ್ಟಿಗೆ ಮಾರಾಟ ಆರಂಭವಾದ ನಂತರವೇ ತಿಳಿಯುತ್ತದೆಯೆಂಬುದು ಇದರ ಇನ್ನೊಂದು ಮುಖ. ಆದುದರಿಂದ ದುಷ್ಪರಿಣಾಮಗಳ ವರದಿ ಮಾಡುವ ಹೊಣೆ ವೈದ್ಯರು, ಔಷಧ ವ್ಯಾಪಾರಿಗಳು, ರೋಗಿಗಳು ಎಲ್ಲರ ಮೇಲೂ ಬೀಳುತ್ತದೆ. 2010ರಲ್ಲಿ ಆರಂಭವಾದ ಭಾರತ ಔಷಧ ಜಾಗರೂಕತಾ ಕಾರ್ಯಕ್ರಮದ ಉಚಿತ ದೂರವಾಣಿ 1800-180-3024ಕ್ಕೆ ಸಾಮಾನ್ಯ ರೋಗಿಯೂ ಕರೆ ಮಾಡಿ ವರದಿ ಮಾಡಬಹುದು.

ದುಷ್ಪರಿಣಾಮಗಳ ಹೊಸ ಸ್ವರೂಪ

ಹಳೆಯ ಕೀಮೋಥೆರಪಿಯ ತೊಂದರೆಗಳು ಜನರಿಗೆ ಪರಿಚಿತ. ಕೂದಲು ಉದುರುವುದು, ವಾಂತಿ, ಬಿಳಿ ರಕ್ತಕಣಗಳ ಇಳಿಕೆ ಇತ್ಯಾದಿ. ಹೊಸ ಔಷಧಿಗಳ ತೊಂದರೆಗಳು ಬೇರೆ ವೇಷದಲ್ಲಿ ಬರುತ್ತವೆ. ಟ್ರಾಸ್ಟುಜುಮಾಬ್ ಹೃದಯದ ಸಾಮರ್ಥ್ಯವನ್ನು ಕುಗ್ಗಿಸಬಹುದಾದುದರಿಂದ ಚಿಕಿತ್ಸೆಗೆ ಮುನ್ನ ಹಾಗೂ ನಡುನಡುವೆ ಎಕೋ ಪರೀಕ್ಷೆ ಆವಶ್ಯಕ. ಯಕೃತ್ತಿನ ಕ್ಯಾನ್ಸರಿಗೆ ಬಳಸುವ ಸೊರಾಫೆನಿಬ್ ಅಂಗೈ ಮತ್ತು ಅಂಗಾಲಿನ ಚರ್ಮವನ್ನು ಕೆಂಪಾಗಿಸಿ, ಸುಲಿಯುವಂತೆ ಮಾಡಬಲ್ಲದು. ಕಚೇರಿಯಲ್ಲಿ ಕುಳಿತು ಕೆಲಸ ಮಾಡುವವರಿಗೆ ಇದು ಕಿರಿಕಿರಿ. ಅಡಿಕೆ ಸುಲಿಯುವವರಿಗೆ, ಗದ್ದೆಯಲ್ಲಿ ಬರಿಗಾಲಿನಲ್ಲಿ ದುಡಿಯುವವರಿಗೆ ಇದು ಜೀವನೋಪಾಯದ ಪ್ರಶ್ನೆ. ಈ ಔಷಧಿಯ ಪ್ರಮುಖ ಪ್ರಯೋಗದಲ್ಲಿ ಸರಾಸರಿ ಬದುಕು 7.9 ತಿಂಗಳಿನಿಂದ 10.7 ತಿಂಗಳಿಗೆ ಏರಿತ್ತು. ಆ ಹೆಚ್ಚುವರಿ ತಿಂಗಳುಗಳ ಬೆಲೆ ಏನು, ಅವುಗಳನ್ನು ಹೇಗೆ ಕಳೆಯಬೇಕು ಎಂಬುದನ್ನು ತೀರ್ಮಾನಿಸಬೇಕಾದವರು ರೋಗಿಯೇ ಹೊರತು ಬೇರಾರೂ ಅಲ್ಲ.

ರೋಗನಿರೋಧಕ ಶಕ್ತಿಯನ್ನು ಬಡಿದೆಬ್ಬಿಸುವ ಇಮ್ಯುನೋಥೆರಪಿಯಲ್ಲಿ ಆ ಶಕ್ತಿಯು ದೇಹದ ಸ್ವಂತ ಅಂಗಗಳ ಮೇಲೆಯೇ ತಿರುಗಿ ಬೀಳುವ ಅಪಾಯವಿದೆ. ಥೈರಾಯ್ಡ್, ಕರುಳು, ಯಕೃತ್ತು, ಶ್ವಾಸಕೋಶ, ಅಪರೂಪಕ್ಕೆ ಹೃದಯದ ಸ್ನಾಯು, ಹೀಗೆ ಯಾವ ಅಂಗವೂ ಇದಕ್ಕೆ ಹೊರತಲ್ಲ. ಚುಚ್ಚುಮದ್ದು ಪಡೆದು ವಾರಗಳು, ಕೆಲವೊಮ್ಮೆ ತಿಂಗಳುಗಳು ಕಳೆದ ಮೇಲೆ ತೊಂದರೆ ಕಾಣಿಸಿಕೊಳ್ಳುವುದೂ ಉಂಟು. ಉಳವಿಯಂತಹ ಊರಿನಲ್ಲಿ ಇದು ಇನ್ನಷ್ಟು ಮುಖ್ಯ. ರೋಗಿ ಊರಿಗೆ ಮರಳಿದ ನಂತರ ನಿಲ್ಲದ ಭೇದಿ ಶುರುವಾದರೆ, ತಾಲ್ಲೂಕು ಆಸ್ಪತ್ರೆಯ ವೈದ್ಯರು ಸಾಮಾನ್ಯ ಸೋಂಕೆಂದು ಚಿಕಿತ್ಸೆ ನೀಡುವುದು ಸ್ವಾಭಾವಿಕ. ಆದರೆ ಇಮ್ಯುನೋಥೆರಪಿಯ ಭೇದಿಗೆ ಬೇಕಾದುದು ಸಕಾಲದಲ್ಲಿ ಸ್ಟೀರಾಯ್ಡ್. ಪಡೆದ ಔಷಧಿಯ ಹೆಸರು, ದಿನಾಂಕ, ಚಿಕಿತ್ಸೆ ನೀಡಿದ ವಿಭಾಗದ ದೂರವಾಣಿ ಸಂಖ್ಯೆಗಳನ್ನು ಬರೆದ ಚೀಟಿಯೊಂದು ರೋಗಿಯ ಜೇಬಿನಲ್ಲಿದ್ದರೆ ಅದು ಜೀವ ಉಳಿಸಬಲ್ಲದು. ಅಂತೆಯೇ ಕೀಮೋಥೆರಪಿಯ ಅವಧಿಯಲ್ಲಿ ಜ್ವರ 100.4 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿದರೆ ಬೆಳಗಾಗಲೆಂದು ಕಾಯದೆ ಆಸ್ಪತ್ರೆ ಸೇರಬೇಕು.

ರೋಗಿಯದೇ ರಕ್ತಕಣಗಳನ್ನು ಮಾರ್ಪಡಿಸಿ ಮರಳಿ ಕೊಡುವ ಕಾರ್-ಟಿ ಚಿಕಿತ್ಸೆಗೆ ಭಾರತದಲ್ಲಿ 2023ರ ಅಕ್ಟೋಬರಿನಲ್ಲಿ ಮೊದಲ ಬಾರಿ ಅನುಮತಿ ದೊರೆಯಿತು. ಮುಂಬಯಿಯ ಐ.ಐ.ಟಿ. ಮತ್ತು ಟಾಟಾ ಸ್ಮಾರಕ ಕೇಂದ್ರಗಳ ಪರಿಶ್ರಮದ ಫಲವದು. ಬೆಂಗಳೂರಿನ ಇಮ್ಯುನೀಲ್ ಸಂಸ್ಥೆಯೂ 2025ರಲ್ಲಿ ಇಂತಹ ಚಿಕಿತ್ಸೆಯನ್ನು ಮಾರುಕಟ್ಟೆಗೆ ತಂದಿದೆ. ತೀವ್ರ ಜ್ವರ, ರಕ್ತದೊತ್ತಡದ ಕುಸಿತ, ಮಿದುಳಿನ ತೊಂದರೆಗಳು ಇದರ ಪರಿಚಿತ ಅಪಾಯಗಳು. ಈ ವರ್ಗದ ಚಿಕಿತ್ಸೆಗಳ ನಂತರ ಅಪರೂಪವಾಗಿ ಹೊಸ ಕ್ಯಾನ್ಸರ್ ಉಂಟಾಗಬಹುದೆಂಬ ಎಚ್ಚರಿಕೆಯನ್ನು ಅಮೆರಿಕದ ಆಡಳಿತವು 2024ರಲ್ಲಿ ಔಷಧಿಗಳ ವಿವರಪತ್ರದಲ್ಲಿ ಸೇರಿಸಲು ಸೂಚಿಸಿತು.

ಅಡಿಕೆಯ ನಾಡಿನಲ್ಲಿ ಬಾಯಿಯ ಕ್ಯಾನ್ಸರ್

ಈ ಪ್ರದೇಶದ ವ್ಯಾಪಾರಿಗಳಿಗೆ ಅಪ್ರಿಯವಾದರೂ ಹೇಳಲೇಬೇಕಾದ ಸತ್ಯವೊಂದಿದೆ. ವಿಶ್ವ ಆರೋಗ್ಯ ಸಂಸ್ಥೆಯ ಅಂಗವಾದ ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 2004ರಲ್ಲಿ ಅಡಿಕೆಯನ್ನು ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿತು. ತಂಬಾಕಿನೊಡನೆ ಬೆರೆತಾಗ ಅಪಾಯ ಇನ್ನೂ ಹೆಚ್ಚು. ಈ ತೀರ್ಮಾನದ ಬಗ್ಗೆ ಬೆಳೆಗಾರರ ಸಂಘಟನೆಗಳಿಗೆ ಆಕ್ಷೇಪವಿದೆ. ಆದರೆ ಜಗಿಯುವವರಲ್ಲಿ ಬಾಯಿಯ ಕ್ಯಾನ್ಸರ್ ಹೆಚ್ಚೆಂಬ ವೈದ್ಯಕೀಯ ಪುರಾವೆ ಬಲವಾಗಿದೆ. ಬಾಯಿಯಲ್ಲಿ ಮೂರು ವಾರಗಳಾದರೂ ಮಾಯದ ಹುಣ್ಣು, ಬಿಳಿಯ ಅಥವಾ ಕೆಂಪು ಮಚ್ಚೆ, ಬಾಯಿ ತೆರೆಯಲಾಗದ ಬಿಗಿತ ಕಂಡುಬಂದಲ್ಲಿ ತಪಾಸಣೆ ಮಾಡಿಸುವುದು ಯಾವ ಹೊಸ ಔಷಧಿಗಿಂತಲೂ ಮಿಗಿಲಾದ ರಕ್ಷಣೆ.

ಇದೇ ರೋಗದಲ್ಲಿ ಭಾರತದ ವೈದ್ಯರ ಒಂದು ಸಾಧನೆ ಉಲ್ಲೇಖಾರ್ಹ. ಇಮ್ಯುನೋಥೆರಪಿಯ ಪೂರ್ಣ ಪ್ರಮಾಣದ ವೆಚ್ಚವನ್ನು ಭರಿಸಬಲ್ಲವರು ಇಲ್ಲಿ ಅತಿ ವಿರಳವಾದುದರಿಂದ ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆಯ ವೈದ್ಯರು ನಿವೊಲುಮಾಬ್ ಔಷಧಿಯನ್ನು ವಾಡಿಕೆಯ 240 ಮಿಲಿಗ್ರಾಂ ಬದಲು ಮೂರು ವಾರಗಳಿಗೊಮ್ಮೆ ಕೇವಲ 20 ಮಿಲಿಗ್ರಾಂ ನೀಡಿ ಪರೀಕ್ಷಿಸಿದರು. ತಲೆ ಮತ್ತು ಕತ್ತಿನ ಮುಂದುವರಿದ ಕ್ಯಾನ್ಸರ್ ಇದ್ದ 151 ರೋಗಿಗಳ ಈ ಅಧ್ಯಯನದ ಫಲಿತಾಂಶ 2022ರಲ್ಲಿ ಪ್ರಕಟವಾಯಿತು. ಅಗ್ಗದ ಮಾತ್ರೆಗಳನ್ನು ಮಾತ್ರ ಪಡೆದವರಲ್ಲಿ ಒಂದು ವರ್ಷದ ನಂತರ ಬದುಕಿದ್ದವರು ಶೇ. 16.3. ಅದರೊಡನೆ ಅಲ್ಪಪ್ರಮಾಣದ ನಿವೊಲುಮಾಬ್ ಪಡೆದವರಲ್ಲಿ ಶೇ. 43.4. ತೀವ್ರ ದುಷ್ಪರಿಣಾಮಗಳು ಹೆಚ್ಚಾಗಲಿಲ್ಲ. ದುಬಾರಿ ಔಷಧಿಯ ದೊಡ್ಡ ಪ್ರಮಾಣವೇ ಉತ್ತಮ ಚಿಕಿತ್ಸೆಯೆಂಬ ನಂಬಿಕೆಗೆ ಇದು ಸೂಕ್ತ ಉತ್ತರ. ಕಡಿಮೆ ಪ್ರಮಾಣದ ಆಯ್ಕೆ ತನಗೆ ಅನ್ವಯಿಸುತ್ತದೆಯೇ ಎಂದು ತಜ್ಞರನ್ನು ಕೇಳಲು ರೋಗಿ ಸಂಕೋಚಪಡಬೇಕಾಗಿಲ್ಲ.

ಒಪ್ಪಿಗೆಯೆಂದರೆ ಸಹಿಯಷ್ಟೇ ಅಲ್ಲ

ಚಿಕಿತ್ಸೆಗೆ ಒಪ್ಪಿಗೆಯ ವಿಷಯದಲ್ಲಿ ಸುಪ್ರೀಂ ಕೋರ್ಟು 2008ರ ಜನವರಿಯಲ್ಲಿ ಸಮೀರಾ ಕೊಹ್ಲಿ ಪ್ರಕರಣದಲ್ಲಿ ನೀಡಿದ ತೀರ್ಪು ದಾರಿದೀಪ. ಅದನ್ನು ಬರೆದವರು ಕರ್ನಾಟಕದವರೇ ಆದ ನ್ಯಾಯಮೂರ್ತಿ ಆರ್.ವಿ. ರವೀಂದ್ರನ್. ಚಿಕಿತ್ಸೆಯ ಸ್ವರೂಪ, ಉದ್ದೇಶ, ಲಾಭ, ಬದಲಿ ಮಾರ್ಗಗಳು, ಗಣನೀಯ ಅಪಾಯಗಳು, ಚಿಕಿತ್ಸೆಯನ್ನು ನಿರಾಕರಿಸಿದರೆ ಆಗುವ ಪರಿಣಾಮ, ಇವಿಷ್ಟನ್ನೂ ರೋಗಿಗೆ ತಿಳಿಸಿ ಪಡೆದ ಒಪ್ಪಿಗೆಯೇ ಒಪ್ಪಿಗೆ ಎಂಬುದು ಅದರ ತಾತ್ಪರ್ಯ. ಬಂಧುಗಳ ಒಪ್ಪಿಗೆ ಪ್ರಜ್ಞಾವಂತ ರೋಗಿಯ ಒಪ್ಪಿಗೆಗೆ ಬದಲಿಯಾಗದು. ‘ಅಪ್ಪನಿಗೆ ವಿಷಯ ಹೇಳಬೇಡಿ’ ಎಂದು ವೈದ್ಯರಲ್ಲಿ ವಿನಂತಿಸುವ ಮನೆಗಳು ಈ ಮಾತನ್ನು ಮನನ ಮಾಡಬೇಕು. ಪ್ರೀತಿಯಿಂದಲೇ ಮರೆಮಾಚಿದರೂ ರೋಗಿಯ ಆಯ್ಕೆಯ ಹಕ್ಕು ಅಲ್ಲಿ ಕಳೆದುಹೋಗುತ್ತದೆ.

ಒಪ್ಪಿಗೆಯಿಲ್ಲದ ಪ್ರಯೋಗ ಏನಾಗಬಹುದೆಂಬುದಕ್ಕೆ ನೆರೆರಾಜ್ಯದಲ್ಲೇ ನಿದರ್ಶನವಿದೆ. 1999-2000ರಲ್ಲಿ ತಿರುವನಂತಪುರದ ಪ್ರಾದೇಶಿಕ ಕ್ಯಾನ್ಸರ್ ಕೇಂದ್ರದಲ್ಲಿ ಬಾಯಿಯ ಕ್ಯಾನ್ಸರಿನ 26 ರೋಗಿಗಳ ಮೇಲೆ ಅಮೆರಿಕದ ಜಾನ್ಸ್ ಹಾಪ್‌ಕಿನ್ಸ್ ವಿಶ್ವವಿದ್ಯಾಲಯದ ವಿಜ್ಞಾನಿಯೊಬ್ಬರ ಪ್ರಾಯೋಗಿಕ ರಾಸಾಯನಿಕವನ್ನು ಪರೀಕ್ಷಿಸಲಾಯಿತು. ಅಗತ್ಯ ಅನುಮತಿಗಳಿರಲಿಲ್ಲವೆಂಬುದು 2001ರಲ್ಲಿ ಬಯಲಾಗಿ ವಿಶ್ವವಿದ್ಯಾಲಯವೇ ತನಿಖೆ ನಡೆಸಿ ಕ್ರಮ ಕೈಗೊಂಡಿತು. ಇಂತಹ ಅನುಭವಗಳ ನಂತರ ಕಾನೂನು ಬಿಗಿಯಾಗಿದೆ. 2019ರ ಹೊಸ ಔಷಧಿ ಹಾಗೂ ಚಿಕಿತ್ಸಾ ಪ್ರಯೋಗ ನಿಯಮಗಳ ಪ್ರಕಾರ ಪ್ರಯೋಗದಲ್ಲಿ ಭಾಗವಹಿಸುವವರಿಗೆ ಅವರಿಗೆ ತಿಳಿಯುವ ಭಾಷೆಯಲ್ಲಿ ವಿವರ ನೀಡಬೇಕು, ಪ್ರಯೋಗದಿಂದ ಹಾನಿಯಾದರೆ ಉಚಿತ ಚಿಕಿತ್ಸೆ ಹಾಗೂ ಪರಿಹಾರ ಒದಗಿಸಬೇಕು, ಬೇಡವೆನಿಸಿದಾಗ ಹೊರಬರಲು ಬಿಡಬೇಕು. ಸರಿಯಾಗಿ ನಡೆಯುವ ಪ್ರಯೋಗದಲ್ಲಿ ಭಾಗವಹಿಸುವುದು ಹಲವು ರೋಗಿಗಳಿಗೆ ಒಳ್ಳೆಯ ಅವಕಾಶವೂ ಹೌದು.

ಕಷಾಯ, ಚಕ್ಕೋತ ಮತ್ತು ಮೌನ

ಆಸ್ಪತ್ರೆಯ ಔಷಧಿಯ ಜೊತೆಗೆ ಗಿಡಮೂಲಿಕೆ ಸೇವಿಸುವವರು ಅದನ್ನು ವೈದ್ಯರಿಂದ ಮುಚ್ಚಿಡುವುದುಂಟು. ಬೈದಾರೆಂಬ ಭಯ ಇದಕ್ಕೆ ಕಾರಣ. ಹಲವು ಹೊಸ ಮಾತ್ರೆಗಳು ಯಕೃತ್ತಿನ ಒಂದೇ ಕಿಣ್ವದ ಮೂಲಕ ಕರಗಿ ಹೊರಹೋಗುತ್ತವೆ. ಆ ಕಿಣ್ವವನ್ನು ತಡೆಯುವ ವಸ್ತುವೇನಾದರೂ ಹೊಟ್ಟೆ ಸೇರಿದರೆ ಔಷಧಿ ರಕ್ತದಲ್ಲಿ ಶೇಖರವಾಗಿ ವಿಷವಾಗಬಹುದು. ಚುರುಕುಗೊಳಿಸುವ ವಸ್ತುವಾದರೆ ಔಷಧಿ ನಿಷ್ಪ್ರಯೋಜಕವಾಗಬಹುದು. ಗ್ರೇಪ್‌ಫ್ರೂಟ್ ಹಣ್ಣನ್ನು ವರ್ಜಿಸಬೇಕೆಂಬ ಸೂಚನೆ ಇಂತಹ ಅನೇಕ ಔಷಧಿಗಳ ವಿವರಪತ್ರದಲ್ಲಿದೆ. ಮಲೆನಾಡಿನ ಹಿತ್ತಲುಗಳಲ್ಲಿ ಬೆಳೆಯುವ ಚಕ್ಕೋತ ಅದರ ಬಳಗದ್ದೇ. ನಂಬಿಕೆಯನ್ನು ಬಿಡಬೇಕೆಂದು ಯಾರೂ ಒತ್ತಾಯಿಸಬೇಕಾಗಿಲ್ಲ. ಆದರೆ ತೆಗೆದುಕೊಳ್ಳುತ್ತಿರುವುದನ್ನೆಲ್ಲ ವೈದ್ಯರ ಮುಂದಿಡುವುದು, ಗುಣವಾಗಬಲ್ಲ ಹಂತದ ರೋಗದಲ್ಲಿ ಶಸ್ತ್ರಚಿಕಿತ್ಸೆಯನ್ನು ಮುಂದೂಡದಿರುವುದು, ಈ ಎರಡನ್ನು ಮಾತ್ರ ತಪ್ಪಿಸಬಾರದು.

ಬೆಲೆ, ವಿಮೆ ಮತ್ತು ವ್ಯಾಪಾರದ ಹೊಣೆ

ಬೆಲೆಯೂ ಒಂದು ದುಷ್ಪರಿಣಾಮವೇ. ತಿಂಗಳಿಗೆ ಸುಮಾರು 2.8 ಲಕ್ಷ ರೂಪಾಯಿಯಿದ್ದ ಸೊರಾಫೆನಿಬ್ ಮಾತ್ರೆಯನ್ನು 9 ಸಾವಿರ ರೂಪಾಯಿಗಿಂತ ಕಡಿಮೆಗೆ ಮಾರಲು 2012ರಲ್ಲಿ ಹೈದರಾಬಾದಿನ ನ್ಯಾಟ್ಕೊ ಸಂಸ್ಥೆಗೆ ಕಡ್ಡಾಯ ಪರವಾನಗಿ ದೊರೆಯಿತು. 2013ರ ಏಪ್ರಿಲ್ 1ರಂದು ಸುಪ್ರೀಂ ಕೋರ್ಟು ಇಮಾಟಿನಿಬ್‌ನ ಪೇಟೆಂಟ್ ಕೋರಿಕೆಯನ್ನು ತಳ್ಳಿಹಾಕಿತು. 2019ರಲ್ಲಿ 42 ಕ್ಯಾನ್ಸರ್ ಔಷಧಿಗಳ ವ್ಯಾಪಾರಿ ಲಾಭಾಂಶಕ್ಕೆ ಶೇ. 30ರ ಮಿತಿ ಬಂತು. 2025ರ ಸೆಪ್ಟೆಂಬರ್ 22ರಿಂದ ಹಲವು ಜೀವರಕ್ಷಕ ಔಷಧಿಗಳೂ ವೈಯಕ್ತಿಕ ಆರೋಗ್ಯ ವಿಮೆಯೂ ಜಿ.ಎಸ್.ಟಿ.ಯಿಂದ ಮುಕ್ತವಾಗಿವೆ. ರಾಷ್ಟ್ರೀಯ ಕ್ಯಾನ್ಸರ್ ಜಾಲದ ಆಸ್ಪತ್ರೆಗಳು ಒಗ್ಗೂಡಿ 40 ಔಷಧಿಗಳನ್ನು ಸಗಟಾಗಿ ಖರೀದಿಸಿ ಶೇ. 82ರಷ್ಟು ಉಳಿತಾಯ ಸಾಧಿಸಿದ್ದು ಸಹಕಾರ ತತ್ತ್ವದ ಗೆಲುವು. ಸಹಕಾರಿ ಮಾರಾಟದಿಂದಲೇ ನೆಲೆನಿಂತ ಅಡಿಕೆ ಬೆಳೆಗಾರರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಡತನ ರೇಖೆಗಿಂತ ಕೆಳಗಿನ ಕುಟುಂಬಕ್ಕೆ ವಾರ್ಷಿಕ 5 ಲಕ್ಷ ರೂಪಾಯಿವರೆಗೆ ನೆರವಿದೆ. ಖಾಸಗಿ ವಿಮೆ ಪಡೆದವರು ಪಾಲಿಸಿಯನ್ನು ಒಮ್ಮೆ ತೆರೆದು ನೋಡುವುದೊಳಿತು. ಮಾತ್ರೆ ರೂಪದ ಕೀಮೋಥೆರಪಿ ಹಾಗೂ ಇಮ್ಯುನೋಥೆರಪಿಯನ್ನು ಪಾಲಿಸಿಯಿಂದ ಹೊರಗಿಡಬಾರದೆಂದು ವಿಮಾ ಪ್ರಾಧಿಕಾರವು 2019ರಲ್ಲೇ ನಿರ್ದೇಶಿಸಿದೆ. ಆದರೆ ಅವುಗಳಿಗೆ ಪ್ರತ್ಯೇಕ ಮಿತಿ ವಿಧಿಸಲು ಅವಕಾಶವಿದೆ. ನೌಕರರಿಗೆ ಗುಂಪು ವಿಮೆ ಮಾಡಿಸುವ ಮಾಲೀಕರು ಈ ಮಿತಿಯನ್ನು ಮೊದಲು ವಿಚಾರಿಸಬೇಕು.

ಔಷಧ ವ್ಯಾಪಾರಿಗಳ ಪಾತ್ರವೂ ಹಿರಿದು. 2024ರ ಮಾರ್ಚಿನಲ್ಲಿ ದೆಹಲಿ ಪೊಲೀಸರು ದುಬಾರಿ ಕ್ಯಾನ್ಸರ್ ಚುಚ್ಚುಮದ್ದಿನ ಖಾಲಿ ಸೀಸೆಗಳಿಗೆ ನಕಲಿ ದ್ರವ ತುಂಬಿ ಮಾರುತ್ತಿದ್ದ ಜಾಲವನ್ನು ಭೇದಿಸಿದರು. ಬಿಲ್ಲಿಲ್ಲದೆ ಕೊಂಡ ‘ರಿಯಾಯಿತಿ’ ಔಷಧಿ ಜೀವಕ್ಕೇ ಎರವಾಗಬಹುದು. ಬ್ಯಾಚ್ ಸಂಖ್ಯೆಯುಳ್ಳ ಬಿಲ್ಲು ಪಡೆಯುವುದು, ಬಳಸಿದ ಸೀಸೆಯನ್ನು ಕಣ್ಣೆದುರೇ ನಾಶಪಡಿಸುವಂತೆ ಕೋರುವುದು ರೋಗಿಯ ಕಡೆಯವರ ಎಚ್ಚರಿಕೆ. ಇಂತಹ ಚುಚ್ಚುಮದ್ದುಗಳನ್ನು 2ರಿಂದ 8 ಡಿಗ್ರಿ ಸೆಲ್ಸಿಯಸ್ ತಾಪಮಾನದಲ್ಲಿ ಇಡಬೇಕು, ಹೆಪ್ಪುಗಟ್ಟಲು ಬಿಡಬಾರದು. ಮಳೆಗಾಲದಲ್ಲಿ ದಿನಗಟ್ಟಲೆ ವಿದ್ಯುತ್ ಕೈಕೊಡುವ ಮಲೆನಾಡಿನಲ್ಲಿ ಮನೆಯ ಫ್ರಿಜ್ಜನ್ನು ನೆಚ್ಚಿ ಇವುಗಳನ್ನು ತಂದಿಡುವುದು ಕ್ಷೇಮಕರವಲ್ಲ.

ಕೇಳಬೇಕಾದ ಏಳು ಪ್ರಶ್ನೆಗಳು

ಔಷಧಿ ಆರಂಭಿಸುವ ಮುನ್ನ ರೋಗಿ ಹಾಗೂ ಮನೆಯವರು ಈ ಪ್ರಶ್ನೆಗಳನ್ನು ಬರೆದುಕೊಂಡು ಹೋಗುವುದು ಒಳ್ಳೆಯದು. 1. ಈ ಚಿಕಿತ್ಸೆಯ ಗುರಿ ಗುಣಪಡಿಸುವುದೇ, ನಿಯಂತ್ರಿಸುವುದೇ, ನೋವು ತಗ್ಗಿಸುವುದೇ? 2. ಆಯುಷ್ಯ ಹೆಚ್ಚುವ ಪುರಾವೆಯಿದೆಯೇ ಅಥವಾ ಗಡ್ಡೆ ಕುಗ್ಗುವುದಷ್ಟೇ ತಿಳಿದಿದೆಯೇ? 3. ಔಷಧಿ ಕೆಲಸ ಮಾಡುತ್ತದೆಯೇ ಎಂದು ಮೊದಲೇ ತಿಳಿಸುವ ವಂಶವಾಹಿ ಪರೀಕ್ಷೆಯಿದೆಯೇ? 4. ಸಾಮಾನ್ಯ ಹಾಗೂ ಅಪಾಯಕರ ದುಷ್ಪರಿಣಾಮಗಳಾವುವು, ಯಾವ ಲಕ್ಷಣ ಕಂಡರೆ ತಕ್ಷಣ ಬರಬೇಕು? 5. ಹಳೆಯ, ಅಗ್ಗದ ಅಥವಾ ಕಡಿಮೆ ಪ್ರಮಾಣದ ಪರ್ಯಾಯವಿದೆಯೇ? 6. ಒಟ್ಟು ವೆಚ್ಚವೆಷ್ಟು, ಯಾವ ಹಂತದಲ್ಲಿ ನಿಲ್ಲಿಸುವ ತೀರ್ಮಾನ ಮಾಡಲಾಗುವುದು? 7. ಔಷಧಿ ಬೇಡವೆಂದರೆ ಯಾವ ಆರೈಕೆ ಸಿಗುತ್ತದೆ?

ಇವುಗಳಿಗೆ ಉತ್ತರ ಕೇಳುವುದು ವೈದ್ಯರ ಮೇಲಿನ ಅಪನಂಬಿಕೆಯಲ್ಲ. ಎರಡನೆಯ ಅಭಿಪ್ರಾಯ ಪಡೆಯುವುದೂ, ದಾಖಲೆಗಳ ಪ್ರತಿ ಕೇಳುವುದೂ ರೋಗಿಯ ಹಕ್ಕುಗಳು. ಅಡಿಕೆಯ ಮೂಟೆಯನ್ನು ಮಂಡಿಗೆ ಒಯ್ಯುವ ಬೆಳೆಗಾರ ಮಾದರಿ ತೋರಿಸಿ, ಧಾರಣೆ ವಿಚಾರಿಸಿ, ತೂಕ ನೋಡಿ ವ್ಯವಹಾರ ಕುದುರಿಸುತ್ತಾನೆ. ವರ್ಷದ ಬೆಳೆಗೆ ತೋರುವ ಆ ಎಚ್ಚರವನ್ನು ಬದುಕಿನ ಅತಿ ದೊಡ್ಡ ತೀರ್ಮಾನಕ್ಕೂ ತೋರುವುದು ನ್ಯಾಯ. ಉಳವಿಯಿಂದ ಹೊರಡುವ ರೋಗಿಯ ಕೈಚೀಲದಲ್ಲಿ ಸ್ಕ್ಯಾನ್ ವರದಿಯ ಜೊತೆಗೆ ಪ್ರಶ್ನೆಗಳ ಹಾಳೆಯೂ ಒಂದಿದ್ದರೆ ಆ ಪ್ರಯಾಣ ಸಾರ್ಥಕ.